ಪೂಜೆ ಮಾಡುವ ಮಿಷನ್ನಿಗೆ ಚರ್ಮದ ದಿಂಬು

ಶಟಲ್ ರಾಕೆಟ್ಟಿಗೆ ಗಟ್ ಹಾಕುವ, ಅಂದರೆ ದಾರದ ಬಲೆ ಹೆಣೆಯುವ ಕೆಲಸಕ್ಕೆ ಈಚೆಗೆ ಸೇರಿದವರೊಬ್ಬರು ಮೊನ್ನೆ ನನ್ನನ್ನು ಹುಡುಕಿಕೊಂಡು ಬಂದು, "ನಿಮ್ಮ ಸರ್ವಿಸ್ಸಿನಲ್ಲಿ ಏನೇನು ಪ್ರಮೋಷನ್ ಸಿಕ್ಕಿತು ಸಾರ್?" ಎಂದು ಕೇಳಿದರು. ನಗು ಬಂತು. ಈ ಕಸುಬಿನಲ್ಲಿ ನನಗೆ ಸಿಕ್ಕಿದ್ದು ಒಂದೇ ಪ್ರಮೋಷನ್. ಮೊದಲು ಸ್ಟೂಲಿನ ಮೇಲೆ ಕೂರುತ್ತಿದ್ದೆ, ಬೆನ್ನು ನೋವು ಬಂದ ಮೇಲೆ ಕುರ್ಚಿ ಕೊಟ್ಟರು. ಆ ವಿಷಯ ಇಲ್ಲಿಗೆ ಮುಗಿಯಿತು. ಹೇಳಬೇಕಾದದ್ದು ಬೇರೆ ಇದೆ, ಅದೂ ಈಗ ಈ ಕೆಲಸಕ್ಕೆ ಬರುತ್ತಿರುವವರಿಗೆ.

ನಿಮಗೆ ಈಗ ಒಳ್ಳೊಳ್ಳೆಯ ಮಿಷನ್ನುಗಳು ಬಂದಿವೆ. ರಾಕೆಟ್ಟನ್ನು ಆರು ಕಡೆಯಿಂದ ಹಿಡಿದುಕೊಳ್ಳುತ್ತವೆ, ಬಟನ್ ಒತ್ತಿದರೆ ತಾವೇ ಎಳೆಯುತ್ತವೆ, ತಪ್ಪಾದರೆ ಕೀಂ ಅನ್ನುತ್ತವೆ. ನಮ್ಮ ಅಂಗಡಿಯಲ್ಲಿ ಆ ಕೀಂ ಅನ್ನುವ ಕೆಲಸವನ್ನು ಯಜಮಾನರು ಮಾಡುತ್ತಿದ್ದರು, ಅದೂ ತಪ್ಪಾಗುವುದಕ್ಕೆ ಮುಂಚೆಯೇ.

ಯಜಮಾನರ ಹೆಸರು ಶಿವಲಿಂಗಪ್ಪ. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ, ಊರಾಚೆ ತೆಂಗಿನ ತೋಟ, ಮಠದಲ್ಲಿ ಮುಂದಿನ ಸಾಲಿನ ಕುರ್ಚಿ. ರೈಲು ಹಿಡಿಯುವುದಕ್ಕೆ ಬಿಟ್ಟರೆ ಅವರು ಓಡಿದ್ದನ್ನು ಯಾರೂ ನೋಡಿಲ್ಲ. ಆದರೂ ಯಾವುದೋ ಸನ್ಮಾನ ಸಮಾರಂಭದಲ್ಲಿ ನಿರೂಪಕನೊಬ್ಬ ಹೇಳುವುದಕ್ಕೆ ಬೇರೆ ಏನೂ ತೋಚದೆ ಅವರನ್ನು "ಕ್ರೀಡಾಪ್ರೇಮಿ" ಎಂದು ಕರೆದುಬಿಟ್ಟ. ಆ ಮಾತು ಅವರ ತಲೆಗೆ ಹತ್ತಿತು. ಮಂಡಿಯ ಪಕ್ಕದ ಮಳಿಗೆಯನ್ನು ಖಾಲಿ ಮಾಡಿಸಿ ಆಟದ ಸಾಮಾನಿನ ಅಂಗಡಿ ತೆರೆದರು. ಕೊನೆಯವರೆಗೂ ನಮ್ಮ ಅಂಗಡಿಯ ಶಟಲ್ ಡಬ್ಬಿಗಳಿಂದ ಕೊಬ್ಬರಿಯ ವಾಸನೆ ಹೋಗಲಿಲ್ಲ.

ಮಿಷನ್ನು ಬೆಂಗಳೂರಿನಿಂದ ರೈಲಿನಲ್ಲಿ ಗೋಣಿಚೀಲ ಹೊದ್ದುಕೊಂಡು ಬಂದ ಸೆಕೆಂಡ್‌ಹ್ಯಾಂಡ್ ಸರಕು. ಒಂದು ಕಬ್ಬಿಣದ ಹಲಗೆ, ಅದರ ಎರಡು ತುದಿಗೆ ಎರಡು ಕಬ್ಬಿಣದ ಗೂಟ, ಎಳೆಯುವುದಕ್ಕೆ ಭಾರದ ಗುಂಡಿದ್ದ ಒಂದು ಸರಳು. ರಾಕೆಟ್ಟಿನ ತಲೆಯನ್ನು ಆ ಎರಡು ಗೂಟಗಳಿಗೆ ಒಳಗಿನಿಂದ ಸಿಕ್ಕಿಸಿ ಕೂರಿಸಬೇಕು. ಉದ್ದದ ಗಟ್ಟುಗಳನ್ನು ಒಂದೊಂದಾಗಿ ಎಳೆಯುತ್ತ ಹೋದಂತೆ ರಾಕೆಟ್ಟಿನ ನೆತ್ತಿಯೂ ಕತ್ತೂ ಹತ್ತಿರ ಬರಲು ನೋಡುತ್ತವೆ, ಪಕ್ಕೆಗಳು ಹೊರಕ್ಕೆ ಉಬ್ಬುತ್ತವೆ. ಅದನ್ನು ತಡೆದು ನಿಲ್ಲಿಸಬೇಕಾದದ್ದು ಆ ಗೂಟಗಳು. ಇಷ್ಟು ಅರ್ಥವಾದರೆ ನಮ್ಮ ವಿದ್ಯೆಯ ಮುಕ್ಕಾಲು ಭಾಗ ಅರ್ಥವಾದಂತೆ. ಉಳಿದದ್ದು ಗಿರಾಕಿಗಳನ್ನು ಸಹಿಸಿಕೊಳ್ಳುವುದು.

ಮರದ ರಾಕೆಟ್ಟು, ಉಕ್ಕಿನ ರಾಕೆಟ್ಟು ಇದ್ದಾಗ ಯಾವ ತೊಂದರೆಯೂ ಇರಲಿಲ್ಲ. ಎಷ್ಟು ಎಳೆದರೂ ಪಾಪ, ತಡೆದುಕೊಳ್ಳುತ್ತಿದ್ದವು. ಕಾರ್ಬನ್ ರಾಕೆಟ್ಟುಗಳು ಬಂದ ಮೇಲೆ ನಮ್ಮ ಬಾಳು ಕೆಟ್ಟಿತು. ಅವು ಗರಿಯಷ್ಟು ಹಗುರ, ಆದರೆ ಸಣ್ಣ ಗೂಟ ಒಂದೇ ಜಾಗದಲ್ಲಿ ಒತ್ತಿದರೆ ಒಳಗೊಳಗೇ ಬಿರಿಯುತ್ತವೆ. "ಟಿಕ್" ಎಂದು ಒಂದು ಸದ್ದು ಬರುತ್ತದೆ. ಆ ಸದ್ದು ಕೇಳಿದವನಿಗೆ ಆ ದಿನ ಊಟ ಸೇರುವುದಿಲ್ಲ.

ಅದೇ ಸಮಯಕ್ಕೆ ಊರಿಗೆ ಟೆನ್ಷನ್ ರೋಗವೂ ಬಂತು. ಗಟ್ಟನ್ನು ಎಷ್ಟು ಬಿಗಿಯಾಗಿ ಎಳೆಯಬೇಕು ಎನ್ನುವುದಕ್ಕೆ ನಾವು ಟೆನ್ಷನ್ ಅನ್ನುತ್ತೇವೆ. ಆಫೀಸರುಗಳು ರಾತ್ರಿ ಮೊಬೈಲಿನಲ್ಲಿ ವಿಡಿಯೋ ನೋಡುವುದು, ಬೆಳಿಗ್ಗೆ ಬಂದು ನನ್ನ ಪ್ರಾಣ ತಿನ್ನುವುದು. ಒಬ್ಬ ದೊಡ್ಡ ಸಾಹೇಬರಿದ್ದರು. ಮೈಕೈ ತುಂಬಿಕೊಂಡ ಮನುಷ್ಯ. ನೆಟ್ ದಾಟಿಸಿ ಶಟಲ್ ಹೊಡೆದರೆ ಎದುರಿನವರು ಚಪ್ಪಾಳೆ ತಟ್ಟಬೇಕು, ಆ ಮಟ್ಟದ ಆಟ.

"ವರ್ಲ್ಡ್ ಚಾಂಪಿಯನ್ನುಗಳು ಎಷ್ಟು ಪೌಂಡ್ ಹಾಕಿಸ್ತಾರೆ?" ಎಂದು ಕೇಳಿದರು.

"ಅವರು ಮೂವತ್ತರ ಮೇಲೆ ಹಾಕಿಸ್ತಾರೆ ಸಾರ್. ಅವರಿಗೆ ರಟ್ಟೆ ಇರುತ್ತೆ."

"ನಂಗೂ ಅಷ್ಟೇ ಹಾಕ್ರೀ. ರಟ್ಟೆ ನಾನ್ ನೋಡ್ಕೋತೀನಿ."

ಹಾಕಿದೆ. ಕೊನೆಯ ಗಟ್ ಎಳೆಯುವಾಗ ಟಿಕ್ ಎಂದಿತು. ಸಾಹೇಬರು ತಮ್ಮ ಆಸೆಯನ್ನು ಬೈದುಕೊಳ್ಳಲಿಲ್ಲ, ನನ್ನನ್ನೂ ಬೈಯಲಿಲ್ಲ. ನೇರವಾಗಿ ಯಜಮಾನರನ್ನು ಕರೆದು, "ನಿಮ್ಮ ಮಿಷನ್ನು ರಾಕೆಟ್ ತಿನ್ನೋ ಮಿಷನ್ನು ಕಣ್ರೀ" ಎಂದು ಹೇಳಿ ಹೋದರು. ಕ್ರೀಡಾಪ್ರೇಮಿಗೆ ಅವಮಾನವಾಯಿತು. ಅಂದಿನಿಂದ ಅಂಗಡಿಯಲ್ಲಿ ಮೆತ್ತನೆಯ ಚಳವಳಿ ಶುರುವಾಯಿತು.

"ಏನ್ಲಾ ಸ್ವಾಮಿ, ಗೂಟ ಗಟ್ಟಿ ಇರೋದ್ಕೆ ಒಡೀತಾ ಐತೆ ಕಣೋ. ಮೆತ್ತಗಿರ್ಬೇಕು. ಮಗೂನ ತೊಟ್ಟಿಲಲ್ಲಿ ಹಾಕ್ದಂಗೆ ಇರ್ಬೇಕು" ಎಂದರು.

ತೆಂಗಿನ ವ್ಯಾಪಾರಿಗೆ ಮೆತ್ತನೆಯದು ಎಂದರೆ ಮೊದಲು ನೆನಪಾಗುವುದು ನಾರು. ತಮ್ಮ ತೋಟದ ನಾರನ್ನೇ ತರಿಸಿ, ಹಗ್ಗ ಹೊಸೆಯುವವರಿಂದ ಎರಡು ಪುಟ್ಟ ಸಿಂಬಿ ಮಾಡಿಸಿ ಗೂಟಗಳಿಗೆ ತೊಡಿಸಿದರು. ಬಂದ ಎಲ್ಲರಿಗೂ ತೋರಿಸಿದರು. ನಾರು ಕಾರ್ಬನ್ನಿನ ಬಣ್ಣವನ್ನು ಪಾತ್ರೆ ಉಜ್ಜಿದ ಹಾಗೆ ಉಜ್ಜಿಹಾಕಿತು. ಆಮೇಲೆ ಸೋಫಾದ ಸ್ಪಂಜು ಬಂತು. ಅದು ಒಂದು ಗಟ್ ಎಳೆಯುವಷ್ಟರಲ್ಲಿ ಚಪ್ಪಟೆಯಾಗಿ ಕೈ ಮುಗಿಯಿತು. ಕೊನೆಗೆ ನಾನೇ ತಲೆ ಓಡಿಸಿ ಸೈಕಲ್ ಟ್ಯೂಬು ಕತ್ತರಿಸಿ ನಾಲ್ಕು ಸುತ್ತು ಸುತ್ತಿದೆ. ಗೀರಿಲ್ಲ, ಸದ್ದಿಲ್ಲ, ಬಣ್ಣ ಹೋಗಲಿಲ್ಲ. ನಾನು ಕಾಲರ್ ಎತ್ತಿಕೊಂಡು ಓಡಾಡಿದೆ.

ಆದರೆ ಅಂಗಡಿಯಿಂದ ಹೊರಗೆ ಹೋಗುತ್ತಿದ್ದ ರಾಕೆಟ್ಟುಗಳು ಒಂದು ತರಹ ದುಂಡಗಾಗತೊಡಗಿದವು. ಬಂದಾಗ ಮೊಟ್ಟೆಯಾಕಾರ, ಹೋಗುವಾಗ ಒಬ್ಬಟ್ಟು. ನಮ್ಮೂರ ವಕೀಲರೊಬ್ಬರು ತಮ್ಮ ರಾಕೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿ, "ಏನ್ರೀ ಸ್ವಾಮಣ್ಣ, ಮುಖ ದೊಡ್ಡದಾದಂಗಿದೆ" ಎಂದರು. ನಾನು ಗಂಭೀರವಾಗಿ, "ಹೌದು ಸಾರ್, ಈಗ ಎಲ್ಲಿಗೆ ಬಿದ್ರೂ ಶಟಲ್ ಹೋಗುತ್ತೆ" ಎಂದೆ. ಅವರು ಖುಷಿಯಾಗಿ ಹೋದರು, ಮರುವಾರ ಕ್ಲಬ್ಬಿನ ಇನ್ನೂ ಇಬ್ಬರನ್ನು ಕರೆದುಕೊಂಡು ಬಂದು ಅವರ ರಾಕೆಟ್ಟುಗಳ ಮುಖವನ್ನೂ ದೊಡ್ಡದು ಮಾಡಿಸಿದರು. ವಕೀಲರಿಗೆ ಆಟದಲ್ಲಿ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ ಎನ್ನುವುದೇ ಅವರ ಆಟದ ಬಗ್ಗೆ ಹೇಳಬೇಕಾದಷ್ಟನ್ನು ಹೇಳುತ್ತದೆ.

ವ್ಯತ್ಯಾಸ ಗೊತ್ತಾದದ್ದು ಸುಜಾತ ಮೇಡಂಗೆ. ಅವರು ಬೇಲೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರು. ಅಲ್ಲಿನ ಕೋರ್ಟು ಸಂಜೆ ಗಂಡಸರಿಗೆ ಮೀಸಲು, ಏಕೆಂದರೆ ಗಂಡಸರಿಗೆ ಹೊಟ್ಟೆ ಕರಗಿಸುವ ತುರ್ತು ಇರುತ್ತದಂತೆ. ಮೇಡಂ ಮತ್ತು ಇನ್ನಿಬ್ಬರು ಟೀಚರುಗಳು ಬೆಳಕು ಹರಿಯುವ ಮುಂಚೆ ಹೋಗಿ ಆಡಿಕೊಂಡು, ಮನೆಗೆ ಬಂದು ಅಡುಗೆ ಮಾಡಿ, ಸ್ಕೂಲಿಗೆ ಹೋಗುವವರು. ಸರ್ಕಾರಿ ನೌಕರರ ಕ್ರೀಡಾಕೂಟದಲ್ಲಿ ಜಿಲ್ಲಾ ತಂಡಕ್ಕೆ ಸೇರಬೇಕೆಂದು ಎರಡು ಸಲ ಆಡಿದ್ದರು, ಎರಡು ಸಲವೂ ಕೂದಲೆಳೆಯಲ್ಲಿ ಕೈತಪ್ಪಿತ್ತು. ಮಂಡಿ ಆಪರೇಷನ್ ಆಗಬೇಕು ಎಂದು ಡಾಕ್ಟರು ಹೇಳಿಯಾಗಿತ್ತು. ಈ ವರ್ಷ ಒಂದು ಆಡಿ ಆಮೇಲೆ ಮಾಡಿಸಿಕೊಳ್ಳುತ್ತೇನೆ ಎಂದು ತಳ್ಳಿಕೊಂಡು ಬಂದಿದ್ದರು. ಅವರ ಹತ್ತಿರ ಇದ್ದದ್ದು ಒಂದೇ ಒಳ್ಳೆಯ ರಾಕೆಟ್ಟು.

ಒಂದು ಶನಿವಾರ ಬಸ್ಸಿಳಿದು ಬಂದವರೇ ಆ ರಾಕೆಟ್ಟನ್ನು ಮೇಜಿನ ಮೇಲೆ ಇಟ್ಟು, "ಸ್ವಾಮಣ್ಣ, ನನ್ನ ರಾಕೆಟ್ ಕುಳ್ಳಗಾಗಿದೆ" ಎಂದರು.

"ಇಲ್ಲ ಮೇಡಂ, ನೀವೇ ಉದ್ದ ಆಗಿರ್ಬೇಕು" ಎಂದೆ.

ಅವರು ನಗಲಿಲ್ಲ. ಮಿಷನ್ನಿನ ಹತ್ತಿರ ಬಂದು ನನ್ನ ಹೆಮ್ಮೆಯ ಸೈಕಲ್ ಟ್ಯೂಬನ್ನು ಹೆಬ್ಬೆರಳಿನಿಂದ ಒತ್ತಿದರು. ಬೆರಳು ಒಳಗೆ ಹೋಯಿತು.

"ನೋಡಿ, ನನ್ನ ಬೆರಳಿಗೇ ತಗ್ಗುತ್ತೆ. ಅಷ್ಟು ಗಟ್ ಎಳೆದ್ರೆ ತಗ್ಗಲ್ವಾ? ಇದು ತಗ್ಗಿದಷ್ಟೂ ಫ್ರೇಮ್ ಕುಗ್ಗುತ್ತೆ. ನೀವು ಬಣ್ಣ ಉಳಿಸ್ತಿದೀರಿ, ರಾಕೆಟ್ ಉಳಿಸ್ತಿಲ್ಲ. ಮೆತ್ತಗಿರೋದೇ ಬೇರೆ, ಆಸರೆ ಕೊಡೋದೇ ಬೇರೆ ಕಣ್ರೀ."

"ಮತ್ತೇನ್ ಮಾಡ್ಬೇಕು ಮೇಡಂ?"

"ಫ್ರೇಮ್ ಹೇಗೆ ಬಾಗಿದೆಯೋ ಹಾಗೇ ಬಾಗಿರೋ ಗಟ್ಟಿ ದಿಂಬು ಬೇಕು, ಅಗಲಕ್ಕೆ. ಭಾರ ಹಂಚಿಹೋಗ್ಬೇಕು. ಪಕ್ಕೆ ಉಬ್ಬದಂಗೆ ಹೊರಗಡೆಯಿಂದ ಎರಡು ತೋಳು. ಗೀರಾಗದೆ ಇರೋದಕ್ಕೆ ಮೇಲೆ ತೆಳ್ಳಗೆ ಒಂದು ಪದರ ಚರ್ಮ, ಅಷ್ಟೆ."

ಪಾಠ ಹೇಳುವವರಿಗೆ ಎಲ್ಲೆಡೆ ಪಾಠ ಹೇಳುವ ಚಟ ಎಂದು ಮನಸ್ಸಿನಲ್ಲೇ ಗೊಣಗಿಕೊಂಡೆ. ಒಂದು ವಾರ ಮುಖ ಊದಿಸಿಕೊಂಡಿದ್ದೆ. ಆಮೇಲೆ ಯಾರೂ ಇಲ್ಲದಾಗ ಒಂದು ಪೊರಕೆ ಕಡ್ಡಿ ತೆಗೆದುಕೊಂಡು, ಗಟ್ ಹಾಕುವ ಮುಂಚೆ ಒಂದು ಸಲ, ಹಾಕುವಾಗ ಒಂದು ಸಲ ರಾಕೆಟ್ಟಿನ ಉದ್ದ ಅಳೆದು ನೋಡಿದೆ. ಕಡ್ಡಿ ಮೇಡಂ ಪರವಾಗಿ ಸಾಕ್ಷಿ ಹೇಳಿತು.

ಗಟ್ಟಿ ದಿಂಬು ಮಾಡಿಕೊಡುವವರು ಯಾರು? ಹುಲಿಕೆರೆಯಲ್ಲಿ ಮಂಜಾಚಾರಿ ಎಂದು ನನ್ನ ಸ್ನೇಹಿತನಿದ್ದ. ಹಳೇಬೀಡಿನಲ್ಲಿ ಟೂರಿಸ್ಟುಗಳಿಗೆ ಕಲ್ಲಿನ ಗಣೇಶ, ಆನೆ ಕೆತ್ತಿ ಮಾರುತ್ತಿದ್ದ. ಹಳೆಯ ರಾಕೆಟ್ಟೊಂದನ್ನು ತೆಗೆದುಕೊಂಡು ಹೋಗಿ, ಈ ಬಾಗಿಗೆ ಸರಿಯಾಗಿ ಕೂರುವಂತೆ ಎರಡು ತುಂಡು ಬೇಕು ಎಂದೆ. ಹದಿನೈದು ದಿನ ಬಿಟ್ಟು ಬಾ ಎಂದ. ಹೋದೆ. ಬಳಪದ ಕಲ್ಲಿನಲ್ಲಿ ಎರಡು ತುಂಡು, ಬಾಗು ಒಂದು ಎಳೆಯಷ್ಟೂ ಆಚೀಚೆ ಇಲ್ಲ. ಆದರೆ ಅದರ ಮೈತುಂಬ ಮಣಿಸರ, ಬಳ್ಳಿ, ತುದಿಗೊಂದು ಹಂಸ.

"ಏನಯ್ಯಾ ಇದು?" ಎಂದೆ.

"ಬೋಳು ಬೋಳು ಕೊಟ್ರೆ ನನ್ನ ಕೈಯಿಂದ ಬಂದದ್ದು ಅಂತ ಯಾರು ನಂಬ್ತಾರೆ? ನಾಳೆ ಯಾರಾದ್ರೂ ನೋಡ್ದೋರು ಏನಂದ್ಕೋತಾರೆ ಹೇಳು" ಎಂದ.

ಆಸೆ ತಡೆಯಲಾರದೆ ಅದನ್ನೇ ಕೂರಿಸಿ ಒಂದು ರಾಕೆಟ್ಟಿಗೆ ಗಟ್ ಹಾಕಿದೆ. ರಾಕೆಟ್ಟು ಕುಗ್ಗಲಿಲ್ಲ ಎನ್ನುವುದು ನಿಜ. ತೆಗೆದು ನೋಡಿದರೆ ಫ್ರೇಮಿನ ಒಳಮೈ ಮೇಲೆ ಸಾಲಾಗಿ ಮಣಿಸರ ಮೂಡಿತ್ತು. ಗಿರಾಕಿ ಹಳೇಬೀಡಿಗೆ ಬಂದಿದ್ದ ಟೂರಿಸ್ಟ್ ಆಗಿದ್ದರೆ ಸಂತೋಷಪಡುತ್ತಿದ್ದನೇನೋ. ಇವನು ರೈಲ್ವೆಯವನು, ಅಂಗಡಿ ಮುಂದೆ ಜಗಳ ತೆಗೆದ. ಎರಡನೆಯ ಸಲ ಗುಂಡಿನ ಸರಳು ತಗುಲಿ ಹಂಸದ ಕುತ್ತಿಗೆಯ ಸಮೇತ ಕಲ್ಲು ಎರಡು ಹೋಳಾಯಿತು. ಮಂಜಾಚಾರಿಯ ಕಾಲು ಹಿಡಿದು ಹಲಸಿನ ಮರದಲ್ಲಿ ಮತ್ತೊಂದು ಜೊತೆ ಮಾಡಿಸಿದೆ. ಈ ಸಲ ಹಂಸ ಬೇಡ, ಮಣಿ ಬೇಡ, ಏನೂ ಬೇಡ ಎಂದು ಅವನ ಎದುರೇ ಕೂತು ಕಾದೆ. ಕೊಡುವಾಗ ಅವನು ಮುಖ ಪಕ್ಕಕ್ಕೆ ತಿರುಗಿಸಿಕೊಂಡ. ಅದನ್ನು ತಾನು ಮಾಡಿದ್ದೆಂದು ಯಾರಿಗೂ ಹೇಳಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡ. ಈಗ ಬರೆಯುತ್ತಿದ್ದೇನೆ, ಬೈದುಕೊಳ್ಳಲಿ.

ಪಕ್ಕದ ತೋಳುಗಳನ್ನು ವೆಲ್ಡಿಂಗ್ ಅಂಗಡಿಯಲ್ಲಿ ಹಳೆಯ ಸೈಕಲ್ ಸ್ಟ್ಯಾಂಡಿನಿಂದ ಮಾಡಿಸಿದ್ದಾಯಿತು. ಇನ್ನು ಉಳಿದದ್ದು ಮೇಲಿನ ಪದರ. ಬಟ್ಟೆ ಹಾಕಿ ನೋಡಿದೆ, ಜಾರಿತು. ರೆಕ್ಸಿನ್ ಹಾಕಿ ನೋಡಿದೆ, ಬಿಸಿಲಿಗೆ ಫ್ರೇಮಿಗೆ ಅಂಟಿಕೊಂಡು ಸಿಪ್ಪೆಯಂತೆ ಎದ್ದು ಬಂತು. ಚರ್ಮದ ವಿಷಯ ಎತ್ತಿದಾಗ ಯಜಮಾನರು ಎರಡು ಕಿವಿಯನ್ನೂ ಮುಚ್ಚಿಕೊಂಡರು.

"ಅದೊಂದ್ ಬಿಟ್ಟು ಏನಾರ ಹಾಕ್ಕೋ ಕಣೋ. ಪೂಜೆ ಮಾಡೋ ಮಿಷನ್ನು. ವರ್ಷಕ್ಕೊಂದ್ಸಲ ವಿಭೂತಿ ಹಚ್ಚಿ ಕೈ ಮುಗೀತೀನಿ. ಅದ್ರ ಮೈಮೇಲೆ ಚರ್ಮನಾ?"

ಈ ಮಾತನ್ನು ಅವರು ಎಲ್ಲಿ ನಿಂತು ಹೇಳಿದರು ಎನ್ನುವುದನ್ನು ಗಮನಿಸಿ. ಬಲಗಡೆ ಚರ್ಮದ ಕ್ರಿಕೆಟ್ ಬಾಲುಗಳ ಬುಟ್ಟಿ. ಎಡಗಡೆ ಚರ್ಮದ ಗ್ಲೌಸು. ತಲೆಯ ಮೇಲಿನ ಶೆಲ್ಫಿನಲ್ಲಿ ಕೋಳಿ, ಬಾತುಗಳ ಗರಿ ಕಿತ್ತು ಮಾಡಿದ ಶಟಲ್ಲು. ಗಲ್ಲಾಪೆಟ್ಟಿಗೆಯ ಹಿಂದೆ ಹಳೆಯ ಸ್ಟಾಕಿನ ಗಟ್ಟು, ಅದು ಕುರಿಯ ಕರುಳಿನಿಂದ ಮಾಡಿದ್ದು. ಅವರ ನಿಷ್ಠೆಗೆ ಅಡ್ಡ ಬರುತ್ತಿದ್ದದ್ದು ದಿಂಬಿನ ಮೇಲಿನ ಅಂಗೈಯಗಲದ ತುಂಡು ಮಾತ್ರ.

ನಾನು ವಾದಿಸಲಿಲ್ಲ. ಈ ಕಸುಬಿಗೆ ಬರುವವರಿಗೆ ಒಂದು ಮಾತು ಹೇಳುತ್ತೇನೆ, ಮಾಲೀಕರ ಜೊತೆ ವಾದ ಮಾಡಿ ಯಾವ ರಾಕೆಟ್ಟೂ ಉಳಿದಿಲ್ಲ. ಮೇಡಂ ಮುಂದಿನ ಸಲ ಬಂದಾಗ ಇಬ್ಬರೂ ಬಸ್ ಸ್ಟ್ಯಾಂಡ್ ಪಕ್ಕ ಚಪ್ಪಲಿ ಹೊಲಿಯುವವರ ಹತ್ತಿರ ಹೋದೆವು. ಮೇಡಂ ತುಂಡುಗಳನ್ನು ಬಗ್ಗಿಸಿ, ಎಳೆದು, ಬೆರಳಲ್ಲಿ ಉಜ್ಜಿ ನೋಡಿ ಒಂದನ್ನು ಆರಿಸಿದರು. ನಾನು ಅಂಗಡಿ ಬಾಗಿಲು ಹಾಕಿಕೊಂಡು ಅಂಟಿಸಿದೆ. ಮೇಲೆ ಕಪ್ಪು ಪಾಲಿಶ್ ಹಚ್ಚಿ ಮರದಂತೆ ಕಾಣುವ ಹಾಗೆ ಮಾಡಿದೆ. ಅಂದಿನಿಂದ ರಾಕೆಟ್ಟುಗಳು ಬಂದ ಆಕಾರದಲ್ಲೇ ಹೋಗತೊಡಗಿದವು. ಟಿಕ್ ಎನ್ನುವ ಸದ್ದು ಮರೆತೇ ಹೋಯಿತು. ವಕೀಲರೊಬ್ಬರು ಮಾತ್ರ ಮುಖ ಮತ್ತೆ ಸಣ್ಣದಾಯಿತು ಎಂದು ಬೇಜಾರು ಮಾಡಿಕೊಂಡರು. ಯಜಮಾನರು ಎಲ್ಲರೆದುರು, "ನಮ್ ಮಿಷನ್ನು ಈಗ ಮಗು ಎತ್ಕೊಂಡಂಗೆ ಎತ್ಕೊಳ್ತೈತೆ" ಎಂದು ಹೇಳಿಕೊಂಡು ತಿರುಗಿದರು. ಅವರ ಅಳಿಯ ಗಿರೀಶ, ಅಂಗಡಿಯ ಮ್ಯಾನೇಜರು, ಅದರ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದ. ಮ್ಯಾನೇಜರ್ ಎಂದರೆ ಏನು ಕೆಲಸ ಎಂದು ಕೇಳಬೇಡಿ, ಸ್ಟೇಟಸ್ ಹಾಕುವುದೇ.

ಹೀಗೆ ನಡೆಯುತ್ತಿರುವಾಗ ಆಯುಧಪೂಜೆ ಬಂತು. ಕ್ರೀಡಾಕೂಟ ಬೇಲೂರಿನಲ್ಲಿ, ವಿಜಯದಶಮಿಯ ಮಾರನೆಯ ದಿನ ಎಂದು ಗೊತ್ತಾಗಿತ್ತು. ಹಬ್ಬದ ಹಿಂದಿನ ದಿನವೇ ಪ್ರಾಕ್ಟೀಸಿನಲ್ಲಿ ಮೇಡಂ ರಾಕೆಟ್ಟಿನ ಗಟ್ ಹರಿಯಿತು. ವಿಜಯದಶಮಿಗೆ ಅಂಗಡಿ ಬಾಗಿಲು ಹಾಕುತ್ತೇವೆಂದು ಅವರು ಪೂಜೆಯ ದಿನ ಬೆಳಿಗ್ಗೆಯೇ ಬಂದು ಕೂತಿದ್ದರು. ಯಜಮಾನರು ಗೌರವದಿಂದ ಕುರ್ಚಿ ಹಾಕಿಸಿ ಕಡ್ಲೆಪುರಿ ಕೊಟ್ಟರು. ಪೂಜೆ ಮುಗಿದ ಕೂಡಲೇ ಮೊದಲು ಮೇಡಂ ರಾಕೆಟ್ಟು, ಆಮೇಲೆ ಗಿರೀಶ ಹೊಸದಾಗಿ ತರಿಸಿದ್ದ ಫಾರಿನ್ ರಾಕೆಟ್ಟು ಎಂದು ಮಾತಾಗಿತ್ತು.

ಬಾಲುಗಳಿಗೆ ಕುಂಕುಮ ಹಚ್ಚಿದರು, ಬ್ಯಾಟುಗಳಿಗೆ ಹೂ ಇಟ್ಟರು. ಪ್ರತಿ ವರ್ಷ ಮಿಷನ್ನಿನ ಹಲಗೆಗಷ್ಟೇ ವಿಭೂತಿ ಎಳೆದು ಕೈ ಮುಗಿಯುತ್ತಿದ್ದ ಯಜಮಾನರನ್ನು ಗಿರೀಶ, "ಮಾವ, ಬಗ್ಗಿ ಹೂ ಕಟ್ಟಿ, ಫೋಟೋ ಚೆನ್ನಾಗ್ ಬರುತ್ತೆ" ಎಂದು ಬಗ್ಗಿಸಿದ. ಹೂ ಕಟ್ಟುವಾಗ ಬೆರಳು ದಿಂಬಿನ ಮೇಲೆ ಹೋಯಿತು. ಮತ್ತೊಮ್ಮೆ ಸವರಿ ನೋಡಿದರು. ಕೊಬ್ಬರಿಯನ್ನು ಮುಟ್ಟಿಯೇ ತೇವ ಎಷ್ಟಿದೆ ಎಂದು ಹೇಳುವ ಕೈ ಅದು, ಪಾಲಿಶ್ಶಿಗೆ ಮೋಸ ಹೋಗುವುದಲ್ಲ.

"ಏನ್ಲಾ ಸ್ವಾಮಿ ಇದು?"

"ದಿಂಬು ಸಾರ್."

"ದಿಂಬು ಅಂತ ಗೊತ್ತು. ಮ್ಯಾಲೆ ಏನ್ಲಾ ಇದು? ತೆಗಿ ಮೊದ್ಲು. ತೆಗೆದು ತೊಳಿ."

ಅಷ್ಟರಲ್ಲಿ ಗಿರೀಶ ಮೊಬೈಲ್ ಕೆಳಗಿಟ್ಟ. "ಮಾವ, ತೆಗೆಸ್ಬೇಡಿ. ನೆಕ್ಸ್ಟ್ ನಂದೇ ರಾಕೆಟ್ಟು. ಬರೀ ಗೂಟದ ಮೇಲೆ ಹಾಕಿದ್ರೆ ಹೋದಂಗೇ."

ಯಜಮಾನರು ಯೋಚನೆಗೆ ಬಿದ್ದರು. ಒಂದು ಕಡೆ ದೇವರು, ಇನ್ನೊಂದು ಕಡೆ ಅಳಿಯ. ನನ್ನ ಕಡೆ ತಿರುಗಿ, ದನಿ ಬದಲಿಸಿ ಕೇಳಿದರು.

"ರೆಕ್ಸಿನ್ ಇರ್ಬೇಕು, ಅಲ್ವೇನ್ಲಾ?"

ನನಗೆ ಹೋದ ಜೀವ ಬಂದಂತಾಯಿತು. "ಹೂಂ ಸಾರ್, ರೆಕ್ಸಿನ್" ಎಂದೆ.

"ಅದೇ ಅಂದ್ಕೊಂಡೆ. ರೆಕ್ಸಿನ್ ಆದ್ರೆ ಏನೂ ದೋಷ ಇಲ್ಲ" ಎಂದು ದಿಂಬಿಗೆ ವಿಭೂತಿ ಎಳೆದರು. ಗಿರೀಶ ಫೋಟೋ ತೆಗೆದ. ಎಲ್ಲರಿಗೂ ಸಮಾಧಾನವಾಯಿತು. ನಾನು ಮೇಡಂ ರಾಕೆಟ್ಟಿಗೆ ಕೈ ಹಾಕಿದೆ.

"ಅದು ಚರ್ಮ" ಎಂದರು ಮೇಡಂ, ಕುರ್ಚಿಯಿಂದ ಏಳದೆ.

ಯಜಮಾನರು ನಕ್ಕರು. "ಇರ್ಲಿ ಬಿಡಿ ಮೇಡಂ. ನಿಮ್ಗೆ ಕೆಲಸ ಆಗ್ಬೇಕು ತಾನೆ? ನಾವು ಏನಾರ ಅಂದ್ಕೋತೀವಿ."

"ಬಸ್ ಸ್ಟ್ಯಾಂಡ್ ಹತ್ರ ತಂದಿದ್ದು. ಆರಿಸಿದೋಳು ನಾನೇ. ನಮ್ಮಜ್ಜ ನಮ್ಮೂರ ದೇವಸ್ಥಾನದ ನಗಾರಿಗೆ ಚರ್ಮ ಬಿಗೀತಿದ್ರು ಸಾರ್. ನಗಾರಿ ಒಳಗೆ ಹೋಗ್ತಿತ್ತು, ಅಜ್ಜ ಆಚೆ ನಿಂತಿರ್ತಿದ್ರು. ಆದ್ರೂ ಆಗಿನೋರು ಚರ್ಮಾನ ಚರ್ಮ ಅಂತಾನೇ ಕರೀತಿದ್ರು. ನೀವು ಅದನ್ನೂ ರೆಕ್ಸಿನ್ ಮಾಡ್ಬಿಟ್ರಿ."

ಗಿರೀಶ ಮೊಬೈಲನ್ನು ಜೇಬಿಗೆ ಹಾಕಿಕೊಂಡ. ಯಜಮಾನರು ನೆಟ್ಟಗಿದ್ದ ಊದುಬತ್ತಿಯನ್ನೇ ಮತ್ತೆ ನೆಟ್ಟಗೆ ಮಾಡಿದರು.

"ಚರ್ಮ ಅಂತ ಒಂದ್ಸಲ ಹೇಳಿ, ಹಾಕ್ಸಿ. ಇಲ್ಲಾ ಅಂದ್ರೆ ನನ್ನ ರಾಕೆಟ್ ವಾಪಸ್ ಕೊಡಿ" ಎಂದರು ಮೇಡಂ.

"ಹಬ್ಬದ ದಿನ ನನ್ ಬಾಯಲ್ಲಿ ಅದನ್ನ ಹೇಳಿಸ್ಬೇಡಿ ತಾಯಿ" ಎಂದು ಯಜಮಾನರು ಗಟ್ ಹರಿದ ರಾಕೆಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡು, ಎರಡೂ ಕೈಯಲ್ಲಿ ಹಿಡಿದು, ತುಂಬ ಮರ್ಯಾದೆಯಿಂದ ಮೇಡಂಗೆ ಕೊಟ್ಟರು.

ಆ ಮರ್ಯಾದೆ ನೋಡಿ ನನಗೆ ಮೈಯೆಲ್ಲ ಉರಿಯಿತು. ಬೈದು ಕಳಿಸಿದ್ದರೂ ಸುಮ್ಮನಿರುತ್ತಿದ್ದೆನೇನೋ. ಮೇಡಂಗೆ ಇರುವುದು ಒಂದು ರಾಕೆಟ್ಟು, ಒಂದು ವರ್ಷ, ಒಂದು ಮಂಡಿ. ಅದು ಆ ಅಂಗಡಿಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮೇಡಂ ಲೆಕ್ಕಾಚಾರದಿಂದ ಆದ ದಿಂಬಿನ ಮೇಲೆ ಅವರದನ್ನು ಬಿಟ್ಟು ಎಲ್ಲರ ರಾಕೆಟ್ಟೂ ಕೂರಬಹುದಾಗಿತ್ತು. ಸ್ಪ್ಯಾನರ್ ತೆಗೆದುಕೊಂಡು ಎರಡೂ ದಿಂಬುಗಳನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ. ಮಂಜಾಚಾರಿಗೆ ಹೇಳಿ ಮಾಡಿಸಿದವನು ನಾನು, ಅಂಗಡಿಯ ಸ್ವತ್ತೇನಲ್ಲ.

"ಎಲ್ಲಿಗ್ಲಾ?" ಎಂದರು ಯಜಮಾನರು.

"ರೆಕ್ಸಿನ್ ಸಿಗ್ತೈತಾ ನೋಡ್ಕೊಂಡ್ ಬತ್ತೀನಿ ಸಾರ್" ಎಂದು ಮೇಡಂ ಹಿಂದೆ ಬೇಲೂರು ಬಸ್ಸು ಹತ್ತಿದೆ.

ಮೇಡಂ ಮನೆಯ ಗೋಡೆಯ ಮೇಲೆ ಬುದ್ಧನ ಫೋಟೋ, ಅದರ ಕೆಳಗೆ ಪರೀಕ್ಷೆ ಪೇಪರುಗಳ ಕಟ್ಟು. ಪಕ್ಕದ ಮನೆಯ ಬಡಗಿಯ ಹತ್ತಿರ ಒಂದು ದಪ್ಪ ಹಲಗೆ ಕೇಳಿ ತಂದು, ದಿಂಬುಗಳನ್ನು ಅದಕ್ಕೆ ಬಿಗಿದೆ. ಬಾಲ್ ಬ್ಯಾಡ್ಮಿಂಟನ್ನಿನ ಮರದ ರಾಕೆಟ್ಟುಗಳಿಗೆ ಕೈಯಲ್ಲೇ ಗಟ್ ಹಾಕುವುದನ್ನು ನಾನು ಮೊದಲು ಕಲಿತದ್ದು. ಒಂದು ದಬ್ಬಳ, ಒಂದು ಗೂಟ, ಉಳಿದದ್ದು ರಟ್ಟೆ. ಪಕ್ಕೆಯ ತೋಳುಗಳು ಅಂಗಡಿಯಲ್ಲೇ ಉಳಿದಿದ್ದವು, ಹಾಗಾಗಿ ಮೇಡಂ ರಾಕೆಟ್ಟಿನ ಎರಡು ಪಕ್ಕೆಯನ್ನು ಅಂಗೈಗಳಲ್ಲಿ ಒತ್ತಿ ಹಿಡಿದುಕೊಂಡರು. ನಾನು ಎಳೆದೆ. ಮೇಡಂ ತಾಯಿ ಬಾಗಿಲಲ್ಲಿ ನಿಂತು, "ಇದ್ಯಾವ ಹೆರಿಗೆನಪ್ಪಾ" ಎಂದು ನಕ್ಕರು. ಮುಗಿಯುವಷ್ಟರಲ್ಲಿ ನನ್ನ ಬೆರಳುಗಳು ಸೀಳಿಹೋಗಿದ್ದವು.

"ನಿಮ್ಮ ಮಾಮೂಲಿ ಟೆನ್ಷನ್ ಬಂದಿಲ್ಲ ಮೇಡಂ, ಸ್ವಲ್ಪ ಸಡಿಲ" ಎಂದೆ.

ಅವರು ಗಟ್ಟನ್ನು ಅಂಗೈಗೆ ತಟ್ಟಿ ನೋಡಿ, "ಆಕಾರ ಸರಿಯಾಗಿದೆ, ಸಾಕು" ಎಂದರು.

ಅಷ್ಟು ವರ್ಷ ಗಟ್ ಹಾಕಿದವನು ನಾನು, ನನ್ನ ಕೈಯಿಂದ ಹೋದ ರಾಕೆಟ್ಟು ಆಡುವುದನ್ನು ಕೂತು ನೋಡಿದ್ದು ಆ ಕ್ರೀಡಾಕೂಟದ ದಿನವೇ ಮೊದಲು. ಮೇಡಂ ಪ್ರತಿಯೊಂದು ಸ್ಮ್ಯಾಶ್ ಹೊಡೆದಾಗಲೂ ನನ್ನ ಕಿವಿ ಟಿಕ್ ಎನ್ನುವ ಸದ್ದಿಗೆ ಕಾಯುತ್ತಿತ್ತು. ಬರಲಿಲ್ಲ. ಕೊನೆಯ ಪಂದ್ಯದಲ್ಲಿ ಎದುರಿಗಿದ್ದವಳು ಅವರಿಗಿಂತ ತುಂಬ ಚಿಕ್ಕವಳು, ಗಾಳಿಯಂತೆ ಓಡುತ್ತಿದ್ದಳು. ಮೊದಲ ಗೇಮ್ ಅವಳದಾಯಿತು. ಆಮೇಲೆ ಮೇಡಂ ಓಡುವುದನ್ನೇ ಬಿಟ್ಟು, ಒಂದು ಕಡೆ ನಿಂತು ಅವಳನ್ನು ನಾಲ್ಕು ಮೂಲೆಗೂ ಓಡಿಸಿದರು. ಎರಡು ಗೇಮ್ ಗೆದ್ದು, ಮಂಡಿ ಹಿಡಿದುಕೊಂಡು ಬೆಂಚಿನ ಮೇಲೆ ಕೂತಾಗ ಮೈಕಿನಲ್ಲಿ ಜಿಲ್ಲಾ ತಂಡದ ಹೆಸರುಗಳನ್ನು ಓದಿದರು. ಅವರ ಹೆಸರು ಇತ್ತು. ನನ್ನ ಕಣ್ಣಲ್ಲಿ ನೀರು ಬಂತು, ಬರೆಯುವುದಕ್ಕೆ ನಾಚಿಕೆ ಏನೂ ಇಲ್ಲ.

ಟ್ರೋಫಿಗಳು ನಮ್ಮ ಅಂಗಡಿಯವೇ ಆದ್ದರಿಂದ ಯಜಮಾನರು ಶಾಲು ಹೊದ್ದು ವೇದಿಕೆಯ ಮೇಲೆ ಕೂತಿದ್ದರು. ಹೆಸರು ಓದಿದ ಮೇಲೆ ಕೆಳಗಿಳಿದು ನಮ್ಮ ಬೆಂಚಿನ ಹತ್ತಿರ ಬಂದರು. ಮೇಡಂ ಶೂ ಲೇಸ್ ಬಿಚ್ಚುತ್ತಿದ್ದರು.

"ಗಿರೀಶಂಗೆ ತಡ್ಕೊಳ್ಳಕ್ಕಾಗ್ಲಿಲ್ಲ ಕಣೋ. ತಾನೇ ಹಾಕಕ್ಕೋಗಿ ಫಾರಿನ್ ರಾಕೆಟ್ ಮುರ್ಕೊಂಡ. ನಾಳೆ ಗಂಡಸರ ಫೈನಲ್ಲು, ಸಾಹೇಬ್ರುಗಳದ್ದೆಲ್ಲ ರಾಕೆಟ್ ಬಂದು ಬಿದ್ದವೆ. ಬಾರೋ. ಅದನ್ನೂ ತಗೊಂಡ್ ಬಾ."

"ಯಾವುದನ್ನ ಸಾರ್?"

"ಅದೇ ಕಣೋ."

"ಅದೇ ಅಂದ್ರೆ?"

ಅವರು ವೇದಿಕೆಯ ಕಡೆ ನೋಡಿದರು, ಹಿಂದೆ ನೋಡಿದರು. "ಚರ್ಮ ಕಣ್ಲಾ" ಎಂದರು, ನನಗೆ ಮಾತ್ರ ಕೇಳುವಂತೆ.

"ಮೈಕ್ ಸದ್ದು ಸಾರ್. ಕೇಳಿಸ್ಲಿಲ್ಲ."

"ಚರ್ಮ, ಚರ್ಮ. ಆ ಚರ್ಮ ತಗೊಂಡ್ ಬಾ ಅಂದೆ" ಎಂದು ಯಜಮಾನರು ದನಿ ಎತ್ತಿಯೇ ಹೇಳಿದರು. ಪಕ್ಕದ ಬೆಂಚಿನವರು ತಿರುಗಿ ನೋಡಿದರು.

ಮೇಡಂ ತಲೆ ಎತ್ತಿದರು. "ಅದು ನಮ್ಮನೇಲಿದೆ ಸಾರ್, ಹಲಗೆಗೆ ಬಿಗಿದಿದ್ದೀವಿ. ಇಲ್ಲೇ ಎರಡು ಬೀದಿ ಆಚೆ. ನಡೀರಿ, ಸ್ವಾಮಣ್ಣ ಬಿಚ್ಚಿ ಕೊಡ್ತಾರೆ" ಎಂದು ರಾಕೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು, ಕುಂಟುತ್ತ ಎದ್ದು ನಿಂತರು. "ಅಮ್ಮ ಅಡುಗೆ ಮಾಡಿರ್ತಾರೆ. ಊಟ ಮಾಡ್ಕೊಂಡೇ ಹೋಗೋರಂತೆ."

ಶಿವಲಿಂಗಪ್ಪನವರು ನನ್ನ ಮುಖ ನೋಡಿದರು. ನಾನು ಅವರಿಗೆ ದಾರಿ ಬಿಟ್ಟು ಪಕ್ಕಕ್ಕೆ ನಿಂತೆ.